ಕಣ್ಣೆತ್ತರದ ಜಾಗ

ಫೋನು ಕೆಟ್ಟಿರಬಹುದೆಂದು ದೊಡ್ಡಪ್ಪ ನನ್ನ ಫೋನಿನಿಂದ ಅವರದಕ್ಕೆ ಕರೆ ಮಾಡಿಸಿದರು. ಅದು ಅವರ ಜೇಬಿನಲ್ಲೇ ಬಡಕೊಂಡಿತು.

"ಸರಿಯಾಗೇ ಇದೆ," ಎಂದು ಮತ್ತೆ ಜೇಬಿಗಿಟ್ಟರು.

ನಲ್ಲಿ ಸೋರುತ್ತಿದೆ ಬನ್ನಿ ಎಂದು ಆರು ದಿನದಿಂದ ಯಾರೂ ಅವರನ್ನು ಕರೆದಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಸಾರು ಬಡಿಸುವ ನೆಪದಲ್ಲಿ ಮುಖ ತಗ್ಗಿಸಿದೆ.

ಬಸ್ ನಿಲ್ದಾಣದ ಎದುರಿಗೆ ಸರ್ಕಾರಿ ಗೋದಾಮಿನ ಉದ್ದನೆಯ ಗೋಡೆಯಿದೆ. ನಲ್ಲಿ, ಕರೆಂಟು, ಬೀಗ, ಬಣ್ಣದ ಕೆಲಸದವರೆಲ್ಲ ತಮ್ಮ ಕಸುಬನ್ನೂ ನಂಬರನ್ನೂ ಅದರ ಮೇಲೆ ಬರೆದಿಡುತ್ತಾರೆ. ಗೇಟಿನ ಪಕ್ಕ, ಬಸ್ಸಿಳಿದವರ ಕಣ್ಣಿಗೆ ನೇರ ಬೀಳುವ ಎತ್ತರದಲ್ಲಿ, ದೊಡ್ಡಪ್ಪನದಿತ್ತು.

ನಾನಿರುವ ಸಂಸ್ಥೆ ಬೀದಿಗಳಲ್ಲಿ ಕೆಲವೇ ದಿನ ಇದ್ದು ಹೋಗುವ ಕಲಾಕೃತಿಗಳನ್ನು ಮಾಡಿಸುತ್ತದೆ. ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕಿದ ಕೆಲಸ. ಕಲಾವಿದೆಯೊಬ್ಬರಿಗೆ ಹನ್ನೆರಡು ದಿನಕ್ಕೆ ಗೋಡೆ ಬೇಕಿತ್ತು. ಹುಡುಕಿಕೊಟ್ಟವಳು ನಾನೇ. ಫಾರಂನಲ್ಲಿ 'ಗೋಡೆಯ ಈಗಿನ ಸ್ಥಿತಿ' ಎಂಬ ಕಡೆ 'ಖಾಲಿ' ಎಂದು ಬರೆದೆ. ನಂಬರುಗಳು ಕಾಣಲಿಲ್ಲ ಎಂದರೆ ಸುಳ್ಳಾದೀತು. ಬರಹವಿದೆ ಎಂದರೆ ಬರೆದವರೆಲ್ಲರ ಸಹಿ ತರಬೇಕು. ನಲವತ್ತು ಜನ. ನಂಬರು ತಾನೇ, ಆಮೇಲೆ ಬರೆದುಕೊಳ್ಳುತ್ತಾರೆ ಅಂದುಕೊಂಡೆ.

ಗೋಡೆ ನೀಲಿಯಾಯಿತು. ಮೇಲೆ ದೊಡ್ಡದಾಗಿ 'ಈ ಬೀದಿಗೆ ಏನು ಬೇಕು?' ಎಂಬ ಪ್ರಶ್ನೆ, ಕೆಳಗೆ ಡಬ್ಬಿಯಲ್ಲಿ ಸೀಮೆಸುಣ್ಣ. ಜನ 'ನೆರಳು' ಎಂದರು, 'ಹೊತ್ತಿಗೆ ಸರಿಯಾಗಿ ಬಸ್ಸು' ಎಂದರು. ಯಾರೋ 'ಮೊದಲಿದ್ದ ಗೋಡೆ' ಎಂದು ಬರೆದರು. ಕಲಾವಿದೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. "ಎಂಥ ಮಾತು ನೋಡಿ!" ಎಂದರು. ನಾನು ತಲೆಯಾಡಿಸಿದೆ. ಹದಿಮೂರನೆಯ ದಿನ ಒಪ್ಪಂದದಂತೆ ಗೋಡೆಗೆ ಬಿಳಿ ಬಳಿದು 'ಮೊದಲಿನಂತೆ' ಒಪ್ಪಿಸಿದೆವು.

"ಮತ್ತೆ ಬರೆದರಾಯ್ತಲ್ಲ ದೊಡ್ಡಪ್ಪ?" ಎಂದೆ, ಸಾರಿನ ಸೌಟು ಕೆಳಗಿಟ್ಟು.

"ಬರೆದಿದ್ದೀನಿ. ಕೆಳಗೆ, ಬೈಕು ನಿಲ್ಲಿಸೋ ಕಡೆ. ನಾಯಿಗಳು ಓದ್ಕೊಳ್ತವೆ."

ಆಗ ಹೇಳಿದರು. ಆ ಗೋಡೆಗೆ ಒಂದು ಕ್ರಮವಿತ್ತು. ಹೊಸಬ ಕೆಳಗಿನ ಸಾಲಿನಲ್ಲಿ ಬರೆಯಬೇಕು. ಮೇಲಿನವನು ಕೆಲಸ ಬಿಟ್ಟರೆ ಒಂದು ಸಾಲು ಏರಬಹುದು. ಸತ್ತರೆ ಅವನ ನಂಬರನ್ನು ವರ್ಷದವರೆಗೆ ಯಾರೂ ಅಳಿಸುವಂತಿಲ್ಲ. ದೊಡ್ಡಪ್ಪ ಆ ಎತ್ತರಕ್ಕೆ ಬರಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಬಿಳಿ ಒಣಗಿದ ಬೆಳಿಗ್ಗೆ ಅವರು, ಮೊದಲೇ ಒಪ್ಪಿಕೊಂಡಿದ್ದ ಕೊನೆಯ ಕೆಲಸಕ್ಕೆ, ಯಾರದೋ ಮನೆಯ ಟ್ಯಾಂಕಿನೊಳಗೆ ಕೂತಿದ್ದರು. ಮಧ್ಯಾಹ್ನ ಬರುವಷ್ಟರಲ್ಲಿ, ಕಸುಬಿಗೆ ಬಂದು ಮೂರು ತಿಂಗಳಾಗದ ಸೊಳ್ಳೆ ಪರದೆಯವನು ಅಲ್ಲಿ ಕೆಂಪು ಪೇಂಟಿನಲ್ಲಿ ಬರೆದಾಗಿತ್ತು.

"ಉಳಿದವರು ಏನೂ ಹೇಳಲಿಲ್ವಾ?"

"ಎಲ್ಲರಿಗೂ ಅವರವರದೇ ಮೇಲಿತ್ತು ಅಂತ ನೆನಪು. ಇನ್ನೊಬ್ಬರದು ಎಲ್ಲಿತ್ತು ಅಂತ ಒಬ್ಬನಿಗೂ ಜ್ಞಾಪಕ ಇಲ್ಲ."

ಬಳಿಯುವ ಮೊದಲು ಗೋಡೆಯ ಅಳತೆಗೆಂದು ನಾನೇ ತೆಗೆದ ಫೋಟೊ ಆಫೀಸಿನಲ್ಲಿತ್ತು. ಮರುದಿನ ಅದನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಮಡಚಿ, ಚೀಲದಲ್ಲಿಟ್ಟುಕೊಂಡು ದೊಡ್ಡಪ್ಪನ ಜೊತೆ ಗೋಡೆಯ ಹತ್ತಿರ ಹೋದೆ.

ಸೊಳ್ಳೆ ಪರದೆಯವನು ಒರಟನೇನಲ್ಲ. "ಗೋಡೆ ಏನು ನಿಮ್ಮಪ್ಪನ ಆಸ್ತೀನಾ ಅಂತ ನಾನು ಕೇಳಲ್ಲ ಯಜಮಾನ್ರೇ," ಎಂದು ಕೇಳಿಯೇಬಿಟ್ಟ. "ನಿಮ್ಮದು ಇಲ್ಲಿತ್ತು ಅನ್ನೋದಕ್ಕೆ ಏನಾದ್ರೂ ತೋರಿಸಿ. ಈಗಲೇ ಅಳಿಸ್ತೀನಿ."

ನಾನು ಕಾಗದವನ್ನು ದೊಡ್ಡಪ್ಪನ ಕೈಗಿಟ್ಟೆ. ಅವರು ಬಿಡಿಸಿ ನೋಡಿದರು. ಅವರ ನಂಬರು ಇದ್ದಲ್ಲೇ ಇತ್ತು. ಮೂಲೆಯಲ್ಲಿ ನಮ್ಮ ಸಂಸ್ಥೆಯ ಗುರುತು, ತಾರೀಖು, ಫೋಟೊ ತೆಗೆದವಳೆಂದು ನನ್ನ ಹೆಸರು.

ಅಷ್ಟರಲ್ಲಿ ಕರೆಂಟ್ ಕೆಲಸದವನು ಬಂದ. ಎತ್ತರದ ಆಳು, ಎಲ್ಲರೂ ಏಣಿ ಎನ್ನುತ್ತಾರೆ.

"ವಿಷಯ ಗೊತ್ತಾಯ್ತಾ ಅಣ್ಣ? ಗೋಡೆ ಖಾಲಿ ಇದೆ ಅಂತ ಯಾರೋ ಬರ್ಕೊಟ್ಟಿದ್ದಾರಂತೆ. ಗೋದಾಮಿನವರೇ ಹೇಳಿದ್ರು. ನಲವತ್ತು ಜನರ ಅನ್ನ ಆ ಮಹಾನುಭಾವನ ಕಣ್ಣಿಗೆ ಕಾಣಲಿಲ್ಲ ನೋಡಿ. ಸೋಮವಾರ ಎಲ್ಲರೂ ಆ ನೀಲಿ ಬಳಿಸಿದವರ ಆಫೀಸಿಗೆ ಹೋಗ್ತಾ ಇದ್ದೀವಿ, ಅವನನ್ನ ಮನೆಗೆ ಕಳಿಸೋವರೆಗೂ ಏಳಲ್ಲ. ಇವರು ನಿಮ್ಮ ತಮ್ಮನ ಮಗಳಲ್ವಾ? ಏನೋ ಕಲೆ ಆಫೀಸಲ್ಲೇ ಅಲ್ವಾ ಇರೋದು? ಯಾರು ಅಂತ ಗೊತ್ತೇನಮ್ಮ?"

ದೊಡ್ಡಪ್ಪ ಕಾಗದದಿಂದ ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ತಿಳಿದುಹೋಯಿತು. ಎದುರಿಗೆ ಒಂದು ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು. ನಾನು ಚೀಲದ ಜಿಪ್ಪು ಎಳೆದು ಮುಚ್ಚಿದೆ.

"ಏನಣ್ಣ ಅದು ಕೈಯಲ್ಲಿ?" ಎಂದ ಏಣಿ.

ದೊಡ್ಡಪ್ಪ ಕಾಗದವನ್ನು ನಾಲ್ಕಾಗಿ ಮಡಚಿದರು. "ಕರೆಂಟ್ ಬಿಲ್ಲು."

"ಬಿಲ್ಲಿಗೂ ಬಣ್ಣ ಬಂತಾ?"

"ಎಲ್ಲಕ್ಕೂ ಬರ್ತಾ ಇದೆ." ಜೇಬಿಗೆ ತುರುಕಿ, ಸೊಳ್ಳೆ ಪರದೆಯವನ ಕಡೆ ತಿರುಗಿದರು. "ತೋರಿಸೋಕೆ ಏನೂ ಇಲ್ಲಪ್ಪ. ನೀನೇ ಇಟ್ಕೋ."

ಅವನಿಗೆ ಗೆದ್ದೆನೆಂಬ ಖುಷಿಗಿಂತ ಮುಜುಗರವೇ ಹೆಚ್ಚಾದಂತಿತ್ತು. "ಬೇಕಾದ್ರೆ ಪಕ್ಕದಲ್ಲಿ ಸ್ವಲ್ಪ ಜಾಗ..." ಎಂದ. ದೊಡ್ಡಪ್ಪ ಆಗಲೇ ನಡೆಯತೊಡಗಿದ್ದರು.

ಅಂಗಡಿ ಸಾಲು ದಾಟುವವರೆಗೆ ನಾನು ಅವರ ಹಿಂದೆಯೇ ನಡೆದೆ. ಅವರ ಮೇಲೇ ಸಿಟ್ಟು ಬರುತ್ತಿತ್ತು. ನನ್ನನ್ನು ಬಯ್ಯಬಹುದಿತ್ತು, ಹೊಡೆಯಬಹುದಿತ್ತು.

"ಯಾಕೆ ಹಾಗಂದ್ರಿ? ನಿಮ್ಮ ಜಾಗ ಸಿಗ್ತಿತ್ತಲ್ಲ!"

"ಸಿಗ್ತಿತ್ತು."

"ಮತ್ತೆ?"

ಅವರು ನಿಲ್ಲಲಿಲ್ಲ. "ನೀನೇ ಹೇಳ್ತೀಯೇನೋ ಅಂತ ಆ ಬಸ್ಸು ಹೋಗೋವರೆಗೂ ಕಾದೆ ಕಣೇ," ಎಂದರು.