ಐದು ದಿನ ಕಾಯುವ ಸಾಲು

ಸುದರ್ಶನ ಸರ್ ತೀರಿಕೊಂಡು ನಾಲ್ಕನೇ ದಿನವಾದರೂ ನನಗೆ ಅಳು ಬಂದಿರಲಿಲ್ಲ. ಅವರ ಮನೆಗೆ ಹೋದಾಗಲೂ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ನಿಂತಿದ್ದೆ. ಒಂಬತ್ತು ವರ್ಷ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿಸಿದವರು ಅವರು. ನಾನು ಮಗಳೂ ಅಲ್ಲ, ನೆಂಟಳೂ ಅಲ್ಲ. ಹಾಗಾಗಿ ಯಾರೂ ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಲು ಬಂದಿದ್ದರೆ ಬೈದುಬಿಡುತ್ತಿದ್ದೆನೇನೋ.

ಮೇಟಗಳ್ಳಿಯ ನಮ್ಮ ಕಾರ್ಖಾನೆಯ ಇಂಟರ್ನೆಟ್ಟೆಲ್ಲ ಒಂದೇ ಯಂತ್ರದ ಮೂಲಕ ಹಾದುಹೋಗುತ್ತದೆ. ಅದರ ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಗೇಟಿನ ವಾಚ್‌ಮನ್ನನ ಹಾಗೆ ಒಂದು ಪಟ್ಟಿ ಇಟ್ಟಿರುತ್ತದೆ. ಯಾವ ಕಂಪ್ಯೂಟರ್ ಯಾವುದರ ಜೊತೆ ಮಾತಿನಲ್ಲಿದೆ, ಮಾತು ನಿಂತರೆ ಇನ್ನೆಷ್ಟು ಸೆಕೆಂಡು ಕಾಯಬೇಕು, ಎಲ್ಲ ಅದರಲ್ಲಿರುತ್ತದೆ. ಒಂದು ಸಂಪರ್ಕಕ್ಕೆ ಒಂದು ಸಾಲು.

"ಹೇಳದೆ ಹೋದವರನ್ನ ಐದು ದಿನ ಕಾಯುತ್ತೆ ಕಣಮ್ಮ. ಹೇಳಿ ಹೋದವರಿಗೆ ಎರಡೇ ನಿಮಿಷ," ಎಂದು ಸರ್ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಅವರು ಮನೆಯಿಂದಲೇ ಈ ಯಂತ್ರದೊಳಗೆ ಬಂದು ಏನೋ ನೋಡಿ, ಸಂಪರ್ಕ ಮುಚ್ಚದೆ ಹಾಗೇ ಲ್ಯಾಪ್‌ಟಾಪ್ ಮಡಚಿ ಸ್ನಾನಕ್ಕೆ ಹೋದರು. ಬಚ್ಚಲಲ್ಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಪಟ್ಟಿಯಲ್ಲಿ ಅವರ ಸಾಲು ಮಾತ್ರ ಹಾಗೇ ಉಳಿದಿತ್ತು, ಇನ್ನೂ ಸಂಪರ್ಕದಲ್ಲಿದ್ದಾರೆ ಎಂದು ತೋರಿಸುತ್ತ.

ಮ್ಯಾನೇಜರ್ ರಾಜೇಶ್ ದಿನಾ ಬಂದು ಕೇಳುತ್ತಿದ್ದರು. "ಏನ್ರೀ ಪವಿತ್ರಾ, ಅಪ್‌ಡೇಟ್ ಬಂದು ಮೂರು ದಿನ ಆಯ್ತು. ಆ ಮಿಷಿನ್ ರೀಸ್ಟಾರ್ಟ್ ಮಾಡ್ಬುಡಿ ಅಂದ್ನಲ್ಲ?"

"ನಾಳೆ ಮಾಡ್ತೀನಿ ಸರ್."

ರೀಸ್ಟಾರ್ಟ್ ಮಾಡಿದರೆ ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ. ಬಿಟ್ಟರೆ ಶನಿವಾರ ಬೆಳಿಗ್ಗೆ ಏಳೂವರೆಗೆ ಆ ಸಾಲು ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಅದನ್ನು ಉಳಿಸಿಕೊಳ್ಳಬೇಕು, ಅಷ್ಟೇ ನನ್ನ ಹಟ. ಊಟದ ಡಬ್ಬಿ ಬಿಚ್ಚುತ್ತಿದ್ದೆ, ಆ ಸಾಲಿನ ಸೆಕೆಂಡುಗಳ ಸಂಖ್ಯೆ ಇಳಿಯುವುದನ್ನು ನೋಡುತ್ತಿದ್ದೆ, ಉಣ್ಣದೆ ಡಬ್ಬಿ ಮುಚ್ಚುತ್ತಿದ್ದೆ.

ಗುರುವಾರ ಮಧ್ಯಾಹ್ನ ಮೂರೂವರೆಗೆ, ಒಂದು ಲಕ್ಷ ನಲವತ್ತನಾಲ್ಕು ಸಾವಿರಕ್ಕೆ ಇಳಿದಿದ್ದ ಸಂಖ್ಯೆ ಇದ್ದಕ್ಕಿದ್ದಂತೆ ನಾಲ್ಕು ಲಕ್ಷ ಮೂವತ್ತೆರಡು ಸಾವಿರಕ್ಕೆ ಏರಿತು. ಪೂರ್ತಿ ಐದು ದಿನ. ಆ ಕಡೆಯಿಂದ ಮಾತು ಬಂದಿತ್ತು. "ಸರ್," ಎಂದುಬಿಟ್ಟೆ. ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿಯೂ ಆಗಿತ್ತು. ಎಂಥ ಪೆದ್ದಿ ನಾನು!

ಫೋನ್ ಬಂತು. ಸರ್ ಮಗಳು ಲಹರಿ.

"ಪವಿತ್ರಕ್ಕ, ಫೋಟೋಗೆ ಕಟ್ಟು ಹಾಕ್ಸಬೇಕಿತ್ತು. ಒಳ್ಳೇದೊಂದು ಹುಡುಕೋಣ ಅಂತ ಅಪ್ಪನ ಲ್ಯಾಪ್‌ಟಾಪ್ ತೆಗೆದೆ. ಏನೋ ಕಪ್ಪು ಸ್ಕ್ರೀನ್ ಇದೆ, ಆಫೀಸಿಂದು ಅನ್ಸುತ್ತೆ. ಕ್ಲೋಸ್ ಮಾಡ್ಲಾ?"

ಮಡಚಿದ್ದನ್ನು ತೆರೆದೊಡನೆ ಅದು ತಾನಾಗಿಯೇ ಹಳೆಯ ಮಾತು ಮುಂದುವರಿಸಿತ್ತು, ಅಷ್ಟೇ. ಬೇಡ ಎನ್ನಬಹುದಿತ್ತು. ದಿನಕ್ಕೊಂದು ಸಲ ತೆರೆದು ಮಡಚಿಡು ಎಂದಿದ್ದರೆ ಆ ಸಾಲು ವರ್ಷಗಟ್ಟಲೆ ಇರುತ್ತಿತ್ತು.

"ಮಾಡಮ್ಮ," ಎಂದೆ.

ಸಾಲು ಬದಲಾಯಿತು. ಮಾತು ಮುಗಿದಿದೆ, ಇನ್ನು ನೂರಿಪ್ಪತ್ತು ಸೆಕೆಂಡು.

"ಅಕ್ಕ, ಸಿಕ್ತು. ಅಪ್ಪ ನಗ್ತಿರೋದು. ಪಕ್ಕದಲ್ಲಿ ನೀವೂ ಇದೀರ. ನಿಮ್ಮನ್ನ ಕಟ್ ಮಾಡಿ ಅಪ್ಪನ್ನ ಮಾತ್ರ ತಗೋತೀವಿ, ಪರವಾಗಿಲ್ವಾ?"

"ಪರವಾಗಿಲ್ಲ ಕಣಮ್ಮ."

ಸಾಲು ಹೋಗುವವರೆಗೂ ನೋಡಿದೆ. ಆಮೇಲೆ ರಾಜೇಶ್ ಅವರ ಕೋಣೆಗೆ ಹೋಗಿ, "ಈಗ ರೀಸ್ಟಾರ್ಟ್ ಮಾಡ್ತೀನಿ ಸರ್," ಎಂದೆ.

ಅವರು ಎದ್ದು ನಿಂತರು. "ಯಾಕ್ರೀ, ಯಾಕ್ ಅಳ್ತಿದೀರ?"

ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಆಗಲೇ.