ಕೈ ನೋಡುವ ಕೊಟ್ಟೂರಪ್ಪ

ಕೊಟ್ಟೂರಪ್ಪನವರು ಎದುರಿಗೆ ನಿಂತವರ ಮುಖ ನೋಡುವುದು ಕಡಿಮೆ. ಅವರು ಕೈ ನೋಡುತ್ತಾರೆ. ನಿಟ್ಟುವಳ್ಳಿಯ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಹೋದ ದಿನ ನಾನು ನನ್ನ ಊರು, ಉದ್ಯೋಗ, ಸಂಸಾರ ಎಲ್ಲವನ್ನೂ ವಿವರಿಸುತ್ತಿದ್ದರೆ, ಅವರ ದೃಷ್ಟಿ ನಾನು ಹಿಡಿದಿದ್ದ ಚಹಾದ ಲೋಟದ ಮೇಲೆಯೇ ನೆಟ್ಟಿತ್ತು. ಕೊನೆಗೆ ಕೇಳಿದ್ದು ಒಂದೇ ಮಾತು: "ರಾತ್ರಿ ನಿದ್ದಿ ಮಾಡಿಲ್ಲೇನ್ರಿ?" ಹಿಂದಿನ ರಾತ್ರಿ, ಬರೆಯುತ್ತಿದ್ದ ಕಾದಂಬರಿಯ ಒಂದು ಅಧ್ಯಾಯದೊಡನೆ ನಾನು ಬೆಳಗು ಮಾಡಿದ್ದೆ. ಅದನ್ನು ಅವರಿಗೆ ಹೇಳಿದ್ದು ಲೋಟದೊಳಗಿನ ಚಹಾದ ಸಣ್ಣ ನಡುಕ.

ಅವರ ಕೆಲಸವೇ ಅಂಥದ್ದು. ಜಗಳೂರಿನಾಚೆಯ ಬೋಳು ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವ ತಂಡವೊಂದಕ್ಕೆ ಅವರು ಮೇಸ್ತ್ರಿ. ಹರಿಹರದ ಯಾರ್ಡಿನಿಂದ ದೊಡ್ಡ ಕ್ರೇನಿನ ಬಿಡಿಭಾಗಗಳು ಲಾರಿಗಳಲ್ಲಿ ಹೋಗುತ್ತವೆ, ಹಿಂದೆಯೇ ತಂಡ ಹೋಗುತ್ತದೆ. ಆಮೇಲೆ ವಾರಗಟ್ಟಲೆ ತಗಡಿನ ಶೆಡ್ಡಿನಲ್ಲಿ ವಾಸ. ಯಂತ್ರದ ರೆಕ್ಕೆಯನ್ನು ಮೇಲೇರಿಸಬೇಕಾದರೆ ಗಾಳಿ ಬಿಡುವು ಕೊಡಬೇಕು. ಗಾಳಿಗಾಗಿಯೇ ಆರಿಸಿದ ಗುಡ್ಡದಲ್ಲಿ ಆ ಬಿಡುವು ಯಾವಾಗ ಬರುವುದೆಂದು ಯಾರೂ ಖಚಿತವಾಗಿ ಹೇಳಲಾರರು. ಹಾಗಾಗಿ ಕಾಯುವುದೇ ಅರ್ಧ ಕೆಲಸ. ಕಾದು ಸೋತ ಮೈಯಲ್ಲಿ ಉಳಿದರ್ಧ. ಗಾಳಿ ನಿಂತಿತೆಂದರೆ ಊಟ, ಸ್ನಾನ, ನಿದ್ದೆಗಳನ್ನು ಇದ್ದಲ್ಲೇ ಬಿಟ್ಟು, ಇಷ್ಟು ಹೊತ್ತು ಎಂಬ ಮಿತಿಯಿಲ್ಲದೆ ದುಡಿಯಬೇಕು. ಕ್ರೇನಿನ ಗೂಡಿನಲ್ಲಿ ಕುಳಿತವನ ರೆಪ್ಪೆ ಒಂದು ಗಳಿಗೆ ಕೂಡಿದರೂ ಕೆಳಗಿರುವವರ ತಲೆಯ ಮೇಲೆ ಬಸ್ಸಿಗಿಂತ ಉದ್ದದ ರೆಕ್ಕೆ ಹೊಯ್ದಾಡುತ್ತದೆ.

ದಣಿದಿದ್ದೀಯಾ ಎಂದು ಕೊಟ್ಟೂರಪ್ಪ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ನಮ್ಮ ಕಡೆಯ ಗಂಡಸಿನ ಬಾಯಲ್ಲಿ "ಇಲ್ರಿ" ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲವೆಂದು ಅವರಿಗೆ ಗೊತ್ತು. ಅವರು ಮಂಡಕ್ಕಿ ಕೊಡುತ್ತಿದ್ದರು. ದಾವಣಗೆರೆಯ ಭಟ್ಟಿಯಿಂದ ತಂದ ಚೀಲ ಜೀಪಿನಲ್ಲಿ ಸದಾ ಇರುತ್ತಿತ್ತು. ಎಣ್ಣೆ, ಖಾರ, ಉಪ್ಪು ಹಚ್ಚಿ, ಕೆಲಸ ಹಿಡಿಯುವ ಮೊದಲು ಪ್ರತಿಯೊಬ್ಬರ ಅಂಗೈಗೂ ಒಂದೊಂದು ಹಿಡಿ ಹಾಕಿ, ತಾವೂ ಒಂದಿಷ್ಟು ಬಾಯಿಗೆ ಹಾಕಿಕೊಂಡು ನೋಡುತ್ತ ನಿಲ್ಲುವರು. ನಿದ್ದೆ ಸಾಲದ ಕೈ ಅಷ್ಟು ಹಗುರಾದ ವಸ್ತುವನ್ನೂ ಹಿಡಿದಿಡಲಾರದು, ಬೆರಳ ಸಂದಿಯಿಂದ ಉದುರಿಸುತ್ತದೆ. ಚೆಲ್ಲಿದವನ ಹೆಗಲು ತಟ್ಟಿ "ಸಾವಕಾಶ, ಒಂದ್ ನಿದ್ದಿ ತೆಗದು ಬಾ" ಎನ್ನುವರು. ಸಾವಕಾಶ ಎಂಬ ಪದವಿಲ್ಲದೆ ತಂಡಕ್ಕೆ ಅವರ ಯಾವ ಬುದ್ಧಿಮಾತೂ ಶುರುವಾಗುತ್ತಿರಲಿಲ್ಲ. ನಡಿಗೆಯೂ ಆ ಪದದಂತೆಯೇ: ಸಮತಟ್ಟಾದ ರಸ್ತೆಯ ಮೇಲೂ ಏಣಿಯ ಮೆಟ್ಟಿಲು ತಡವುವವರಂತೆ ಪಾದ ಊರಿ, ನಂಬಿಕೆ ಬಂದ ಮೇಲೆಯೇ ಇನ್ನೊಂದನ್ನು ಎತ್ತುವುದು.

ಬೆಳಕು ಬಿದ್ದರೆ ಮಿನುಗುವ ಕಿತ್ತಳೆ ಬಣ್ಣದ ಕೆಲಸದ ಜಾಕೀಟನ್ನು ಅವರು ಊರಿಗೆ ಬಂದಾಗಲೂ ಬಿಚ್ಚುತ್ತಿರಲಿಲ್ಲ. ಸಂತೆಗೂ ಅದೇ, ಬಾತಿಯ ಬೀಗರ ಮನೆಗೂ ಅದೇ. ಅವರ ಹೆಂಡತಿ ಗುರುಶಾಂತಮ್ಮನವರು ಒಮ್ಮೆ ನನ್ನೆದುರಿಗೇ, "ಮದುವಿಗೂ ಅದನ್ನೇ ಹಾಕ್ಕಂಡು ಬರ್ರಿ. ಅಕ್ಕಿಕಾಳು ಹಾಕೋರು ನಿಮ್ಮನ್ನ ನೋಡಿ ಗಾಡಿ ನಿಲ್ಸಿದಂಗೆ ನಿಂತ್ಕಂತಾರೆ" ಎಂದಿದ್ದರು. ಹಣೆಯ ಮೇಲಿನ ವಿಭೂತಿ ಮತ್ತು ಆ ಜಾಕೀಟು, ಎರಡರಲ್ಲೂ ಅವರು ಎಂದೂ ತಪ್ಪಿದವರಲ್ಲ. ಶ್ರಾವಣ ಸೋಮವಾರದ ಒಪ್ಪತ್ತಿನಲ್ಲೂ ಅಷ್ಟೇ. ಹೊತ್ತು ಮುಳುಗಿ ಪೂಜೆಯಾಗುವ ತನಕ ಹಾಲಿನ ಹೊರತು ಏನೂ ಇಲ್ಲ. ತಂಡದಲ್ಲಿ ಆ ವ್ರತ ಹಿಡಿದವರು ಅವರು ಮತ್ತು ಕ್ರೇನ್ ನಡೆಸುವ ಮಾಲತೇಶ್ ಇಬ್ಬರೇ. ಆ ದಿನ ಉಳಿದವರಿಗೆ ಮಂಡಕ್ಕಿಯಾದರೆ, ಇಬ್ಬರಿಗೂ ಒಂದೇ ಫ್ಲಾಸ್ಕಿನ ಹಾಲು.

ದೀಪಾವಳಿಗೆ ನಿವೃತ್ತಿ ಎಂದು ನಿಶ್ಚಯವಾಗಿತ್ತು. ಆ ಗುಡ್ಡವೇ ಅವರ ಕೊನೆಯ ಗುಡ್ಡ, ಅಲ್ಲಿ ಉಳಿದಿದ್ದ ಒಂದು ರೆಕ್ಕೆಯೇ ಅವರ ಕೊನೆಯ ರೆಕ್ಕೆ. ಅದು ತಮ್ಮ ದನಿಯ ಅಪ್ಪಣೆಯಲ್ಲೇ ಮೇಲೇರಬೇಕೆಂಬುದು ಅವರು ಬಾಯಿಬಿಟ್ಟು ಆಡಿದ ಏಕೈಕ ಆಸೆ. "ನೋಡಾಕ ಬರ್ರಿ, ಕತೀಗೆ ಆಗ್ತೈತೆ" ಎಂದು ನನ್ನನ್ನೂ ಕರೆದೊಯ್ದರು.

ನಾನು ಹೋದಾಗ ಶ್ರಾವಣದ ಗಾಳಿ ತಗಡುಗಳನ್ನು ಕಿತ್ತೊಯ್ಯುವಂತೆ ಬೀಸುತ್ತಿತ್ತು. ಎಷ್ಟೋ ದಿನದಿಂದ ಹಾಗೇ ಇತ್ತಂತೆ. ಕೊಟ್ಟೂರಪ್ಪ ಎಲ್ಲರನ್ನೂ ಪಾಳಿಯಲ್ಲಿ ಮಲಗಿಸಿ, ಗಾಳಿಯ ಅಳತೆ ನೋಡಲು ತಾವು ಮತ್ತೆ ಮತ್ತೆ ಏಳುತ್ತಿದ್ದರು. ಸೈಟಿನ ಎಂಜಿನಿಯರ್ ಅಂಕಿತಾ ಎಂಬ ಹುಡುಗಿ ತಾನು ನೋಡಿಕೊಳ್ಳುವೆನೆಂದು ಎರಡು ಸಲ ಹೇಳಿದ್ದನ್ನು ನಾನೇ ಕೇಳಿದೆ. ನಿನಗೆ ನಿದ್ದೆ ಬೇಕು, ಸಾವಕಾಶ ಮಲಗು ಎಂದು ಅವಳನ್ನೇ ಕಳಿಸಿಬಿಟ್ಟರು.

ಒಂದು ಬೆಳಗ್ಗೆ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ಗುಡ್ಡವೆಲ್ಲ ಚಟುವಟಿಕೆಯಾಯಿತು. ಕೊಟ್ಟೂರಪ್ಪ ಚೀಲ ಬಿಚ್ಚಿ ಸಾಲಾಗಿ ನಿಂತವರ ಅಂಗೈಗಳಿಗೆ ಮಂಡಕ್ಕಿ ಹಾಕುತ್ತ ಬಂದರು, ತಾವೂ ಬಾಯಾಡಿಸುತ್ತಿದ್ದರು. ಮಾಲತೇಶನ ಮುಷ್ಟಿಯಿಂದ ಮಾತ್ರ ಮಂಡಕ್ಕಿ ಮೆಲ್ಲಗೆ ನೆಲಕ್ಕೆ ಸುರಿಯಿತು. ಕೊಟ್ಟೂರಪ್ಪ ಅವನ ಹೆಗಲು ತಟ್ಟಿದರು. ಆ ದೊಡ್ಡ ಕ್ರೇನಿಗೆ ಅವನೊಬ್ಬನೇ ಚಾಲಕ. ಅವನು ಮಲಗಿದರೆ ಆ ದಿನದ ಕೆಲಸವೂ ಮಲಗಿದಂತೆಯೇ. ಎಲ್ಲರೆದುರಿಗೆ ಇಳಿಸಿದ ಅವಮಾನಕ್ಕೆ ಮಾಲತೇಶನ ಕಿವಿ ಕೆಂಪಾಯಿತು. ತಾನು ಕಣ್ತುಂಬ ನಿದ್ದೆ ಮಾಡಿದ್ದೇನೆ ಎಂದ. ಮತ್ತೆ ಕೈ ಯಾಕ ಚೆಲ್ತು ಎಂದು ಇವರು ಕೇಳಿದರು.

ಅವನು ಹತ್ತಿರ ಬಂದು, ಅವರಿಗೂ ಪಕ್ಕದಲ್ಲಿದ್ದ ನನಗೂ ಅಷ್ಟೇ ಕೇಳುವಂತೆ ಹೇಳಿದ: "ಇವತ್ತು ಸೋಮವಾರ ಐತ್ರಿ ಯಜಮಾನ್ರೆ. ನೀವು ಕೊಟ್ಟಿದ್ದನ್ನ ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ, ನಾನಾಗೇ ಕೆಳಗ ಬಿಟ್ಟೆ. ನೀವೂ ತಿಂತಿದ್ರಿ, ನಾನೇ ದಿನ ತಪ್ಪಿದ್ನೇನೋ ಅನ್ಕಂಡೆ."

ಕೊಟ್ಟೂರಪ್ಪನವರ ದವಡೆ ನಿಂತಿತು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವರು ಗುಡ್ಡದ ಅಂಚಿನ ಕಡೆ ತಿರುಗಿ ನಿಂತರು. ಬುದ್ಧಿ ತಿಳಿದಾಗಿನಿಂದ ಬಿಡದ ವ್ರತ ಅವರ ಅರಿವಿಗೇ ಬಾರದೆ ಮುರಿದುಬಿದ್ದಿತ್ತು. ಅದರ ನೋವು ಮುಖದಲ್ಲಿ ಹಾದುಹೋದುದನ್ನು ನಾನು ಕಂಡೆ. ಅದರ ಹಿಂದೆಯೇ ಇನ್ನೊಂದು ತಿಳಿವು ಬಂದುದನ್ನೂ ಕಂಡೆ. ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೊಬ್ಬರ ಕೈಗಳೆಂಬಂತೆ ನೋಡಿಕೊಂಡರು. ಆಮೇಲೆ ವಾಕಿಟಾಕಿಯನ್ನು ಕೊರಳಿಂದ ತೆಗೆದು ಅಂಕಿತಾಳ ಕೈಗಿತ್ತರು.

"ನಿದ್ದಿಗೆಟ್ಟಾವ ಮಾಲತೇಶ ಅಲ್ಲವ್ವ, ನಾನು. ವಾರ ಯಾವ್ದಂತಾನೇ ಮರ್ತೀನಿ. ಇವತ್ತು ಬ್ಯಾಡ."

ರೆಕ್ಕೆ ಏರಿಸಲು ಅಪ್ಪಣೆ ಕೊಡುವ ಅಧಿಕಾರ ಆ ಗುಡ್ಡದಲ್ಲಿ ಇನ್ನಾರಿಗೂ, ಅಂಕಿತಾಳಿಗೂ, ಇರಲಿಲ್ಲ. ಅಷ್ಟು ದಿನ ಕಾದು ಪಡೆದ ನಿಶ್ಚಲ ಆಕಾಶ ನಮ್ಮ ಮೇಲೆ ಸುಮ್ಮನೆ ಹರಡಿಕೊಂಡಿತ್ತು. ಅಂಕಿತಾ ಕೊಟ್ಟೂರಪ್ಪನವರನ್ನು ಉಳಿಸಲು ನೋಡಿದಳು. ಗಾಳಿ ಮತ್ತೆ ಎದ್ದಿತೆಂದು ಆಫೀಸಿಗೆ ತಿಳಿಸುತ್ತೇನೆ, ಯಾರೂ ಕೇಳುವುದಿಲ್ಲ ಎಂದಳು. ಅವರು ಬೂಟಿನ ದಾರ ಸಡಿಲಿಸುತ್ತಲೇ ಹೇಳಿದರು: "ಗಾಳಿ ಮ್ಯಾಲೆ ಯಾಕ ಹಾಕ್ತೀಯವ್ವ? ಅದು ನಿಂತೈತೆ. ನಿಲ್ದೆ ಇದ್ದೋನು ನಾನು. ಹಂಗೇ ಹೇಳು."

ಅವಳು ಹಾಗೆಯೇ ಹೇಳಿದಳು. ಆಫೀಸಿನವರಿಗೆ ಅದು ರುಚಿಸಲಿಲ್ಲ. ವಾರದೊಳಗೆ ಬೇರೆ ಮೇಸ್ತ್ರಿ ಬಂದರು. ಕೊಟ್ಟೂರಪ್ಪನವರನ್ನು ದೀಪಾವಳಿಯವರೆಗೆ ಹರಿಹರದ ಯಾರ್ಡಿನಲ್ಲಿ ಲಾರಿ ಕಳಿಸುವ ಕೆಲಸಕ್ಕೆ ಹಾಕಿದರು. ಕೊನೆಯ ರೆಕ್ಕೆ ಇನ್ನೊಬ್ಬರ ದನಿಯಲ್ಲಿ ಮೇಲೇರಿತು. ಆ ಸುದ್ದಿ ತಿಳಿಸಲು ಮಾಲತೇಶ್ ಫೋನ್ ಮಾಡಿದಾಗ ನಾನು ಯಾರ್ಡಿನಲ್ಲಿ ಅವರ ಪಕ್ಕದಲ್ಲೇ ಕುಳಿತಿದ್ದೆ. ಚೆಂದಾತು, ಚೆಂದಾತು ಎಂದರು. ಆಮೇಲೆ ಫೋನ್ ಜೇಬಿಗಿಟ್ಟು ತುಂಗಭದ್ರೆಯ ಕಡೆಗೆ ತಿರುಗಿ ಕುಳಿತರು. ಆ ಆಸೆ ಸಣ್ಣದೇನೂ ಆಗಿರಲಿಲ್ಲ.

ಮಾಲತೇಶ್ ಇನ್ನೊಂದು ಸಂಗತಿಯನ್ನೂ ಹೇಳಿದ್ದ. ಹೊಸ ಮೇಸ್ತ್ರಿ ಬಂದ ಮೇಲೆ ಮೊದಲ ಸಲ ಗಾಳಿ ನಿಂತ ದಿನ ಅವನು ತಾನೇ ಅವರ ಬಳಿ ಹೋಗಿ, ಇವತ್ತು ನನ್ನ ಕೈಲಾಗಲ್ಲ, ನಿದ್ದೆ ಸಾಲದು ಎಂದನಂತೆ. ಅವರು ಸಿಟ್ಟಾದರೆ, "ಯಜಮಾನ್ರೇ ಇಳಿದ್ರು, ನಂದೇನ್ ದೊಡ್ಡಸ್ತಿಕೆ" ಎಂದು ಶೆಡ್ಡಿಗೆ ಹೋಗಿ ಮಲಗಿಬಿಟ್ಟನಂತೆ. ರೆಕ್ಕೆ ಏರಿದ್ದು ಎರಡನೆಯ ಸಲಕ್ಕೆ.

ಪರರ ದಣಿವನ್ನು ಕಾಯುವವರಿದ್ದಾರೆ. ಅವರು ಮನೆಯಲ್ಲಿರುತ್ತಾರೆ, ಆಸ್ಪತ್ರೆಯಲ್ಲಿರುತ್ತಾರೆ, ಬೋಳು ಗುಡ್ಡದ ಮೇಲಿರುತ್ತಾರೆ. ಎಲ್ಲರನ್ನೂ ಮಲಗಿಸಿ ಎಚ್ಚರವಿರುವುದನ್ನೇ ಪ್ರೀತಿಯೆಂದು ತಿಳಿದು, ಆ ಎಚ್ಚರದಲ್ಲೇ ಮೆಲ್ಲನೆ ಮಬ್ಬಾಗುತ್ತಾರೆ. ತಾನೂ ಮೈಯುಳ್ಳವನು ಎಂಬ ಸರಳ ಸತ್ಯ ಅವರಿಗೆ ಕೊನೆಗೆ ಹೊಳೆಯುತ್ತದೆ. ಹೊಳೆದಾಗ ಅದನ್ನು ಮುಚ್ಚಿಡದೆ ನಾಲ್ಕು ಜನರೆದುರಿಗೆ ಇಳಿದು ನಿಲ್ಲುವವರು ಅವರಲ್ಲೂ ವಿರಳ. ಹಾಗೆ ಒಬ್ಬರು ಇಳಿದ ಜಾಗದಲ್ಲಿ, ಮುಂದೆ ಬರುವವರು ತಲೆ ತಗ್ಗಿಸದೆ ದಣಿಯಬಹುದು.