ಪೈಪಣ್ಣನ ಮಗಳು

ಬೀದಿಯವರೆಲ್ಲ ಅವನನ್ನು ಪೈಪಣ್ಣ ಎಂದೇ ಕರೆಯುತ್ತಿದ್ದರು. ಅಲ್ಲಿ ಅವನ ಕೈ ತಾಗದ ನಲ್ಲಿಯೇ ಇರಲಿಲ್ಲ. ತನ್ನ ಮನೆಯ ಮುಂದಿನ ಹುಲ್ಲುಹಾಸಿಗೆ ನೆಲದಡಿ ಪೈಪು ಎಳೆದು ಸ್ಪ್ರಿಂಕ್ಲರ್‌ಗಳನ್ನು ಕೂರಿಸಿದ್ದ. ನೀರು ಬಿಟ್ಟೊಡನೆ ಅವು ತಲೆಯೆತ್ತಿ ಚಿಮ್ಮುತ್ತಿದ್ದವು, ನಿಲ್ಲಿಸಿದರೆ ನೆಲದೊಳಗೆ ಅಡಗುತ್ತಿದ್ದವು. ಈಚೆಗೆ ನರದ ಕಾಯಿಲೆಯಿಂದ ಅವನ ಕೈ ನಡುಗುತ್ತಿತ್ತು. ಲೋಟದ ನೀರು ಬಾಯಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಪಾಲಾಗುತ್ತಿತ್ತು. ಆದರೂ ಕೆಲಸ ಬಿಟ್ಟಿದ್ದೇನೆ ಎಂಬ ಮಾತು ಅವನ ಬಾಯಿಂದ ಹೊರಟಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸಾಮಾನು ತಂದ ವ್ಯಾನು ಹಿಂದಕ್ಕೆ ಬರುವಾಗ ಚಕ್ರ ಹುಲ್ಲಿನ ಅಂಚಿಗೆ ಹತ್ತಿ, ಮೂಲೆಯ ಸ್ಪ್ರಿಂಕ್ಲರ್‌ನ ಕತ್ತು ಮುರಿಯಿತು. ವಾಲ್ವ್ ತೆರೆದರೆ ಅಲ್ಲಿ ನೀರು ಬುಳಬುಳನೆ ಉಕ್ಕಿ ಕೆಸರಾಗುತ್ತಿತ್ತು. ಒತ್ತಡ ಸಾಲದೆ ಉಳಿದವು ತಲೆಯೇ ಎತ್ತುತ್ತಿರಲಿಲ್ಲ.

ಪೈಪಣ್ಣ ಮಂಡಿಯೂರಿ ಮಣ್ಣು ಬಗೆದ. ಮುರಿದ ಮೇಲ್ಭಾಗ ಕೈಗೆ ಬಂತು. ತಿರುಪಿನ ಬುಡ ಮಾತ್ರ ಪೈಪಿನ ಜಾಯಿಂಟಿನೊಳಗೇ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಒಳಗಿಡಲು ಹೋದ. ತುದಿ ಅತ್ತಿತ್ತ ಕುಣಿಯಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಬೇರೆ ಯಾರನ್ನಾದ್ರೂ ಕರೆಸೋಣ ಕಣ್ರೀ" ಎಂದಳು.

"ನನ್ನ ಮನೆ ಪೈಪಿಗೆ ಇನ್ನೊಬ್ಬ ಪ್ಲಂಬರ್ರಾ? ಆಮೇಲೆ ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಈ ಸದ್ದಿಗೆ ಮಗಳು ಮಹಡಿಯಿಂದ ಇಳಿದು ಬಂದಳು. ಅವಳು ಹಲ್ಲಿನ ಡಾಕ್ಟರು. ಚಿಕ್ಕವಳಿದ್ದಾಗ ಅವಳು ಸಾಮಾನಿನ ಪೆಟ್ಟಿಗೆಗೆ ಕೈಹಾಕಿದರೆ ಸಾಕು, ಅಪ್ಪ ಗದರಿ ಎಬ್ಬಿಸುತ್ತಿದ್ದ. ಓದುವ ಕೈಗೆ ಮಣ್ಣು ಹತ್ತಬಾರದು ಎಂಬುದು ಅವನ ಹಟ. ಈಗ ಅವಳು ಕೇಳದೆಯೇ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗುಂಡಿಯೊಳಗೆ ಟಾರ್ಚ್ ಬಿಟ್ಟಳು.

"ಅಪ್ಪಾ, ಹಲ್ಲು ಮುರಿದು ಬೇರು ಒಳಗೇ ಉಳ್ಕೊಂಡ ಹಾಗಿದೆ ಇದು. ದಿನಾ ಇದನ್ನೇ ಅಲ್ವಾ ನಾನು ಕೀಳೋದು?"

"ಬಾಯಲ್ಲಮ್ಮಾ ಇದು. ಜಾಯಿಂಟಿನ ಒಳಗಿನ ತಿರುಪಿನ ಸುತ್ತು ಹಾಳಾದ್ರೆ ಪೈಪನ್ನೇ ಕೊಯ್ಯಬೇಕಾಗುತ್ತೆ."

"ದವಡೆಗೆ ಏಟಾಗದ ಹಾಗೆ ಬೇರು ಕೀಳೋಳು ನಾನು. ಸ್ವಲ್ಪ ಜರುಗಪ್ಪ."

ಅವನು ಜರುಗಿದ. ಅವನು ಜರುಗಿದ್ದೇ ಆ ದಿನದ ದೊಡ್ಡ ಸಂಗತಿ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಕ್ಲಿನಿಕ್ಕಿನಲ್ಲಿ ಬಳಕೆ ತಪ್ಪಿದ್ದ, ಬೇರು ಮೀಟುವ ಉಪಕರಣವೊಂದು ಮಗಳ ಬಳಿ ಇತ್ತು. ಅದನ್ನು ತಂದು ತುದಿಯನ್ನು ಬುಡದ ಒಳಮೈಗೆ ಒತ್ತಿ ಹಿಡಿದಳು.

"ಎಳೀಬೇಡ" ಎಂದ ಅಪ್ಪ.

"ಗೊತ್ತು. ಮೊದಲು ಅಲುಗಿಸಬೇಕು."

"ಎಡಕ್ಕೆ ತಿರುಗಿಸು. ನಿಧಾನ. ಉಸಿರು ಹಿಡ್ಕೋಬೇಡ, ಕೈ ಬಿಗಿಯಾಗುತ್ತೆ."

ಅವಳು ಉಸಿರು ಬಿಟ್ಟಳು. ಬುಡ ಕಿರ್ರೆಂದು ಸಡಿಲಗೊಂಡು, ತಿರುಗುತ್ತಾ ತಿರುಗುತ್ತಾ ಮೇಲೆ ಬಂತು. ಅಪ್ಪ ಕಿರುಬೆರಳನ್ನು ಜಾಯಿಂಟಿನೊಳಗಿಟ್ಟು ತಡವಿ ನೋಡಿದ. ಬೆರಳು ನಡುಗುತ್ತಲೇ ಇತ್ತು.

"ಒಂದು ಗೀರೂ ಇಲ್ಲ" ಎಂದ.

ಮಗಳು ಅಪ್ಪನ ಸಾಮಾನಿನ ಪೆಟ್ಟಿಗೆಯಿಂದ ಹೊಸ ಸ್ಪ್ರಿಂಕ್ಲರ್ ತೆಗೆದು ಕೂರಿಸಲು ಹೊರಟಳು.

"ತಡಿ ತಡಿ! ಒಳಗೆ ಮಣ್ಣು ಹೋಗಿರುತ್ತೆ. ನಿನ್ನ ಪೇಷಂಟಿಗೆ ಬಾಯಿ ಮುಕ್ಕಳಿಸೋಕೆ ಹೇಳಲ್ವಾ?"

ಅಮ್ಮ ವಾಲ್ವ್ ತಿರುಗಿಸಿದಳು. ಕೆಸರು ಕಕ್ಕಿ ಕಕ್ಕಿ ನೀರು ತಿಳಿಯಾದ ಮೇಲೆ ಮುಚ್ಚಿದಳು. ಮಗಳು ಪೈಪಿಗೂ ಸ್ಪ್ರಿಂಕ್ಲರ್‌ಗೂ ನಡುವೆ ಕೂರುವ ತಿರುಪಿನ ತುಂಡಿಗೆ ನೀರು ಸೋರದಂತೆ ಬಿಳಿ ಟೇಪು ಸುತ್ತಿ ಜಾಯಿಂಟಿಗೆ ತಿರುಗಿಸಿದಳು. ಟೇಪು ಮುದುಡಿಕೊಂಡು ಹೊರಗೆ ಬಂತು. ಎದುರು ದಿಕ್ಕಿಗೆ ಸುತ್ತಿದ್ದಳು.

"ತಿರುಪು ಹೋಗೋ ಕಡೆಗೇ ಟೇಪೂ ಹೋಗ್ಬೇಕು. ಬಿಚ್ಚು, ಮತ್ತೆ ಸುತ್ತು."

"ಬೈಯಲ್ವಾ?"

"ನಾನು ಮೊದಲ ಸಲ ಸುತ್ತಿದಾಗ ನಂಗೆ ಕೆಲಸ ಕಲಿಸಿದ ಮೇಸ್ತ್ರಿ ಮನೆಯೊಳಗೇ ಹೊಳೆ ಹರೀತು ಕಣೇ."

ಈ ಬಾರಿ ಟೇಪು ಅಂಟಿ ಕೂತಿತು. ಅವಳು ತುಂಡನ್ನು ಕೈಯಲ್ಲೇ ಬಿಗಿ ಮಾಡಿ, ಅದರ ಮೇಲೆ ಸ್ಪ್ರಿಂಕ್ಲರ್ ತಿರುಗಿಸಿ, ಹುಲ್ಲಿನ ಮಟ್ಟಕ್ಕೆ ನಿಲ್ಲುವಂತೆ ಸುತ್ತ ಮಣ್ಣು ತುಂಬಿ ತುಳಿದಳು. ನೀರು ಬಿಟ್ಟಾಗ ಎಲ್ಲವೂ ಒಟ್ಟಿಗೆ ತಲೆಯೆತ್ತಿದವು. ಮೂಲೆಯದು ಮಾತ್ರ ನೇರ ಅಮ್ಮನ ಮುಖಕ್ಕೇ ಚಿಮ್ಮಿತು. "ಅಪ್ಪ ಮಗಳು ಸೇರಿ ನನಗೆ ಸ್ನಾನ ಮಾಡಿಸಿದ್ರಲ್ಲ!" ಎಂದು ಅವಳು ಕೂಗುತ್ತಿದ್ದರೆ, ಇಬ್ಬರೂ ನಗು ತಡೆಯಲಾರದೆ ಅದರ ಮೂತಿಯನ್ನು ಹುಲ್ಲಿನ ಕಡೆ ತಿರುಗಿಸಿದರು.

ಸಂಜೆ ಹಳೆಯ ಗಿರಾಕಿಯೊಬ್ಬಳ ಫೋನು ಬಂತು. ಅವಳ ಹಿತ್ತಿಲಲ್ಲೂ ಸ್ಪ್ರಿಂಕ್ಲರ್ ಕೆಟ್ಟಿತ್ತು. ಇಷ್ಟು ದಿನ ಏನೋ ನೆಪ ಹೇಳುತ್ತಿದ್ದ ಪೈಪಣ್ಣ ಮಗಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ಮುಂದಿನ ವಾರ ಬರ್ತೀವಮ್ಮಾ" ಎಂದ.

ಹೇಳಿದಂತೆ ಹೋದರು. ಗಿರಾಕಿ ಗೇಟು ತೆರೆದವಳೇ ಬೆರಗಾದಳು. "ಅಯ್ಯೋ, ನನ್ನ ಹಲ್ಲು ಕಟ್ಟಿದ ಡಾಕ್ಟ್ರಲ್ವಾ ಇವ್ರು?"

"ಹೌದು. ಈ ಕೆಲಸಾನೂ ಬರುತ್ತೆ ಅವಳಿಗೆ" ಎಂದ ಪೈಪಣ್ಣ, ಎದೆ ಸೆಟೆಸಿ. ಮಗಳು ಆಗಲೇ ತೋಳು ಮಡಿಸಿಕೊಂಡು, ಎಲ್ಲಿ ಅಗೆಯಬೇಕೆಂದು ನೆಲ ನೋಡುತ್ತಿದ್ದಳು.